ಬಿಸಿಲು ಬಿದ್ದರೆ ಎಚ್ಚರಾಗುವ ನಂಜು



ಮಿರಗದ ಮಳೆಗೆ ಸೋಯಾಬೀನ್ ಬಿತ್ತಿದ್ದೀರಿ. ಬೆಳೆ ಚೆನ್ನಾಗಿ ಎದ್ದಿದೆ. ಹೂವು ಬಿಟ್ಟಿದೆ, ಕಾಯಿ ಕಟ್ಟಿದೆ. ಹುಬ್ಬಿ ಮಳೆ, ಉತ್ತರಿ ಮಳೆ ಬಿಟ್ಟೂ ಬಿಡದೆ ಹಿಡಿಯಿತು. ಆಮೇಲೆ ಚಲೋ ಬಿಸಿಲು ಬಿತ್ತು. ಒಂದು ದಿನ ಹೊಲಕ್ಕೆ ಹೋಗಿ ನೋಡುತ್ತೀರಿ. ಗಿಡದ ತುದಿಯ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿವೆ. ಮುಟ್ಟಿದರೆ ಚಕ್ಕಳದಂತೆ ಗಡುಸು.

"ಎಲಿ ಬಿಸಿಲಿಗೆ ಸುಟ್ಟಾವ, ಬಿಡು" ಅಂತ ಮನೆಯ ಹಿರಿಯರು ಅನ್ನುತ್ತಾರೆ. ನೀವೂ ಸುಮ್ಮನಾಗುತ್ತೀರಿ.

ದಸರಾ ಹತ್ತಿರ ಬರುತ್ತದೆ. ರಾಶಿ ಮುಗಿಯುತ್ತದೆ. ಮನೆಯಲ್ಲಿ ಕಾಳು ಹಸನು ಮಾಡುವಾಗ ಮರದಲ್ಲಿ ಕೆಲವು ಕಾಳು ಬೇರೆಯಾಗಿ ಕಾಣುತ್ತವೆ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಕೆಲವಕ್ಕೆ ಕಣ್ಣಿನ ಸುತ್ತ ಮಾತ್ರ ಕಲೆ. ಕೆಲವಕ್ಕೆ ಮೈಯೆಲ್ಲ ಕಲೆ. "ಬಣ್ಣ ಹತ್ತೇದ, ಏನೂ ಆಗಂಗಿಲ್ಲ ತಗೋ" ಅಂತ ಅದನ್ನೂ ಬೀಜದ ಚೀಲಕ್ಕೆ ಸುರಿಯುತ್ತೇವೆ.

ಹೊಲದ ತಾಮ್ರದ ಎಲೆಗೂ ಮರದಲ್ಲಿನ ನೇರಳೆ ಕಾಳಿಗೂ ನಂಟಿದೆ. ಎರಡರ ಹಿಂದೆಯೂ ಇರುವುದು ಒಂದೇ ಬೂಷ್ಟು. ಆ ಬೂಷ್ಟಿನ ಕೈಯಲ್ಲಿ ಒಂದು ವಿಚಿತ್ರ ನಂಜು ಇದೆ. ಕತ್ತಲಲ್ಲಿ ಅದು ಏನೂ ಮಾಡುವುದಿಲ್ಲ. ಬಿಸಿಲು ಬಿದ್ದರೆ ಎಚ್ಚರಾಗುತ್ತದೆ. ಈ ಪಾಠದಲ್ಲಿ ಆ ನಂಜಿನ ಕಥೆ ಓದೋಣ. ಬರುವ ವರ್ಷದ ಬೀಜವನ್ನು ಹೇಗೆ ಉಳಿಸಿಕೊಳ್ಳುವುದು ಅಂತಲೂ ತಿಳಿಯೋಣ.

ಬಿಸಿಲು ಸುಟ್ಟಿತೋ, ಬೂಷ್ಟು ಸುಟ್ಟಿತೋ?

ರೊಟ್ಟಿ ಹಳಸಿದರೆ ಮೇಲೆ ಬೂಷ್ಟು ಬರುತ್ತದೆ. ಹಸಿ ಸೌದೆಯ ಮೇಲೂ ಬರುತ್ತದೆ. ಪುಸ್ತಕದ ಭಾಷೆಯಲ್ಲಿ ಇದಕ್ಕೆ ಶಿಲೀಂಧ್ರ ಅನ್ನುತ್ತಾರೆ. ಬೂಷ್ಟಿನಲ್ಲಿ ಸಾವಿರಾರು ಜಾತಿಗಳಿವೆ. ಕೆಲವು ಸತ್ತದ್ದನ್ನು ತಿನ್ನುತ್ತವೆ. ಕೆಲವು ಜೀವಂತ ಗಿಡದ ಎಲೆಯೊಳಗೆ ಹೊಕ್ಕು ಬದುಕುತ್ತವೆ.

ಇಂಥ ಒಂದು ಕುಲದ ಹೆಸರು ಸರ್ಕೋಸ್ಪೊರ. ಸೋಯಾಬೀನಿಗೆ ಹತ್ತುವುದು ಮುಖ್ಯವಾಗಿ ಸರ್ಕೋಸ್ಪೊರ ಕಿಕುಚಿ ಮತ್ತು ಅದರ ಹತ್ತಿರದ ನಂಟರು. ಹೆಸರು ಕಠಿಣ, ಬಾಯಿಪಾಠ ಮಾಡಬೇಕಿಲ್ಲ. ನಾವು ಅದನ್ನು "ನೇರಳೆ ಬೂಷ್ಟು" ಅಂತ ಕರೆಯೋಣ.

ಈಗ ಆ ಗಿಡವನ್ನು ಇನ್ನೊಮ್ಮೆ ಸರಿಯಾಗಿ ನೋಡಿ. ತುದಿಯ ಎಲೆ ತಾಮ್ರದ ಬಣ್ಣ. ಬಿಸಿಲು ನೇರ ಬೀಳುವುದು ಅಲ್ಲಿಯೇ. ಅದರ ಕೆಳಗೆ ನೆರಳಲ್ಲಿ ಇರುವ ಎಲೆ ಇನ್ನೂ ಹಸಿರು. ಇದನ್ನು ನೋಡಿದವರು "ಬಿಸಿಲೇ ಸುಟ್ಟಿದೆ" ಅಂದುಕೊಳ್ಳುವುದು ಸಹಜ. ಅವರ ಮಾತು ಅರ್ಧ ನಿಜ. ಸುಡಲು ಬಿಸಿಲು ಬೇಕು. ಆದರೆ ಬಿಸಿಲೊಂದೇ ಸುಡಲಿಲ್ಲ. ಪಕ್ಕದ ಹೊಲದ ನಿರೋಗಿ ಸೋಯಾ ಅದೇ ಬಿಸಿಲು ಕುಡಿದು ಹಸಿರಾಗಿ ನಿಂತಿದೆಯಲ್ಲ!

ಬಿಸಿಲು ಗಿಡಕ್ಕೆ ಅನ್ನ. ಆ ಅನ್ನವನ್ನೇ ಬೂಷ್ಟು ಗಿಡದ ಮೇಲೆ ತಿರುಗಿಸುತ್ತದೆ. ಹೇಗೆ? ಮುಂದೆ ನೋಡೋಣ.

ಕೆಂಪು ಬಣ್ಣ ಸಿಕ್ಕ ಕಥೆ

ಸೋಯಾಬೀನ್ ನಮ್ಮ ಸೋಲಾಪುರ, ಅಕ್ಕಲಕೋಟ ಕಡೆಗೆ ಮೊನ್ನೆ ಮೊನ್ನೆ ಬಂದ ಬೆಳೆ. ಚೀನಾ, ಜಪಾನ್, ಕೊರಿಯಾ ದೇಶಗಳಲ್ಲಿ ಅದು ಬಹಳ ಹಳೆಯದು. ಅಲ್ಲಿಯ ರೈತರಿಗೂ ನೇರಳೆ ಕಾಳಿನ ಕಾಟ ಇತ್ತು. 1925ರಲ್ಲಿ ಮಾತ್ಸುಮೊತೊ ಮತ್ತು ತೊಮೊಯಾಸು ಎಂಬ ಇಬ್ಬರು ಜಪಾನಿ ವಿಜ್ಞಾನಿಗಳು ಈ ರೋಗ, ಈ ಬೂಷ್ಟು ಎರಡನ್ನೂ ವಿವರವಾಗಿ ಬರೆದಿಟ್ಟರು.

ಮೂವತ್ತೆರಡು ವರ್ಷ ಕಳೆಯಿತು. 1957ರಲ್ಲಿ ಕುಯಾಮಾ ಮತ್ತು ತಮುರಾ ಎಂಬ ಜಪಾನಿ ವಿಜ್ಞಾನಿಗಳು ಇದೇ ಬೂಷ್ಟನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಅದರಿಂದ ಒಂದು ಗಾಢ ಕೆಂಪು ಬಣ್ಣವನ್ನು ಬೇರೆ ಮಾಡಿದರು. ಅದಕ್ಕೆ ಸರ್ಕೋಸ್ಪೊರಿನ್ ಅಂತ ಹೆಸರು ಬಂತು. ನಮ್ಮ ಕಥೆಯ ನಂಜು ಇದೇ. ಮೊದಲು ಎಲ್ಲರೂ ಅದನ್ನು ಬರಿಯ ಬಣ್ಣ ಅಂದುಕೊಂಡಿದ್ದರು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಇನ್ನೂ ಇಪ್ಪತ್ತು-ಇಪ್ಪತ್ತೈದು ವರ್ಷ ಹಿಡಿಯಿತು.

ಈ ಬಣ್ಣಕ್ಕೆ ಒಂದು ಗುಣವಿದೆ. ಅರಿಷಿಣಕ್ಕೆ ಸುಣ್ಣ ಹಾಕಿದರೆ ಏನಾಗುತ್ತದೆ? ಹಳದಿ ಹೋಗಿ ಕೆಂಪಾಗುತ್ತದೆ. ಆರತಿಯ ಓಕುಳಿ ನೀರನ್ನು ನಾವು ಹಾಗೆಯೇ ಮಾಡುತ್ತೇವೆ. ಸುಣ್ಣದಂಥ ವಸ್ತುವಿಗೆ ಕ್ಷಾರ ಅನ್ನುತ್ತಾರೆ. ಸರ್ಕೋಸ್ಪೊರಿನ್ ಕೂಡ ಹಾಗೆಯೇ ಬಣ್ಣ ಬದಲಿಸುತ್ತದೆ. ಸಾದಾ ಸ್ಥಿತಿಯಲ್ಲಿ, ಹುಳಿಯಲ್ಲಿ ಅದು ಕೆಂಪು. ಕ್ಷಾರ ಸೇರಿದರೆ ಹಸಿರು. ಬೂಷ್ಟು ಈ ನಂಜನ್ನು ತಯಾರಿಸಿದೆಯೋ ಇಲ್ಲವೋ ಅಂತ ತಿಳಿಯಲು ವಿಜ್ಞಾನಿಗಳು ಈ ಬಣ್ಣದ ಪರೀಕ್ಷೆಯನ್ನೇ ಬಳಸುತ್ತಾರೆ.

ಕವಣೆ, ಕೈ ಮತ್ತು ಕಲ್ಲು

ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಹಕ್ಕಿ ಓಡಿಸಿದ್ದೀರಲ್ಲವೆ? ಕವಣೆಯಲ್ಲಿ ಕಲ್ಲು ಇಡುತ್ತೀರಿ. ಕೈ ಬೀಸುತ್ತೀರಿ. ಕಲ್ಲು ಹಾರುತ್ತದೆ. ಕವಣೆ ಕೈಯಲ್ಲೇ ಉಳಿಯುತ್ತದೆ. ಮತ್ತೆ ಕಲ್ಲು ಇಡಿ, ಮತ್ತೆ ಬೀಸಿ. ಒಂದೇ ಕವಣೆಯಿಂದ ನೂರು ಕಲ್ಲು ಹೊಡೆಯಬಹುದು.

ಸರ್ಕೋಸ್ಪೊರಿನ್ ಒಂದು ಕವಣೆ. ಬೆಳಕು ಅಂದರೆ ಕೈಯ ಬಲ. ಗಾಳಿಯಲ್ಲಿರುವ ಆಮ್ಲಜನಕ ಅಂದರೆ ಕಲ್ಲು.

ಆಮ್ಲಜನಕ ನಮಗೆಲ್ಲ ಬೇಕು. ಉಸಿರಾಡುವುದೇ ಅದರಿಂದ. ಸಾದಾ ಆಮ್ಲಜನಕ ನೆಲದ ಮೇಲೆ ಬಿದ್ದ ಕಲ್ಲಿನ ಹಾಗೆ. ಯಾರಿಗೂ ತಾನಾಗಿ ಬಡಿಯುವುದಿಲ್ಲ. ಆದರೆ ಸರ್ಕೋಸ್ಪೊರಿನ್ ಬೆಳಕನ್ನು ಹೀರುತ್ತದೆ. ಹೀರಿದ ಬಲವನ್ನು ಪಕ್ಕದ ಆಮ್ಲಜನಕಕ್ಕೆ ಕೊಡುತ್ತದೆ. ಬಲ ಸಿಕ್ಕ ಆಮ್ಲಜನಕ ಹಾರಿದ ಕಲ್ಲಿನಂತಾಗುತ್ತದೆ. ಹತ್ತಿರ ಇದ್ದುದಕ್ಕೆ ಬಡಿಯುತ್ತದೆ. ಸರ್ಕೋಸ್ಪೊರಿನ್ ಮಾತ್ರ ಖರ್ಚಾಗದೆ ಉಳಿಯುತ್ತದೆ. ಮತ್ತೆ ಬೆಳಕು ಹೀರುತ್ತದೆ, ಮತ್ತೆ ಹೊಡೆಯುತ್ತದೆ. ಅದಕ್ಕೇ ಈ ನಂಜು ಸ್ವಲ್ಪ ಇದ್ದರೂ ಸಾಕು.

ಬೆಳಕು ಇಲ್ಲದಿದ್ದರೆ? ಕೈ ಬೀಸದ ಕವಣೆ ಗೂಟಕ್ಕೆ ನೇತಾಡಿದಂತೆ. ಆಮ್ಲಜನಕ ಇಲ್ಲದಿದ್ದರೆ? ಕಲ್ಲು ಇಲ್ಲದ ಕವಣೆ. ಮೂರೂ ಕೂಡಿದರೆ ಮಾತ್ರ ಪೆಟ್ಟು.

ಎಣ್ಣೆ ಕಮಟಾದ ಹಾಗೆ

ಪೆಟ್ಟು ಬೀಳುವುದು ಎಲ್ಲಿಗೆ? ಗಿಡದ ಮೈ ಬಹಳ ಸಣ್ಣ ಸಣ್ಣ ಕೋಣೆಗಳಿಂದ ಆಗಿದೆ. ಇವುಗಳಿಗೆ ಜೀವಕೋಶ ಅನ್ನುತ್ತಾರೆ. ಪ್ರತಿ ಕೋಣೆಗೆ ತೆಳ್ಳನೆಯ ಪೊರೆ ಇದೆ. ಆ ಪೊರೆಯಲ್ಲಿ ಜಿಡ್ಡಿನ ಅಂಶ ಹೆಚ್ಚು.

ಶೇಂಗಾ ಎಣ್ಣೆಯನ್ನು ಮುಚ್ಚದೆ ಬಿಸಿಲಲ್ಲಿ ಇಟ್ಟರೆ ಏನಾಗುತ್ತದೆ? ಕೆಲವು ದಿನಕ್ಕೆ ಕಮಟು ವಾಸನೆ ಬರುತ್ತದೆ. ಆಮ್ಲಜನಕ ಎಣ್ಣೆಯ ಜಿಡ್ಡನ್ನು ಕೆಡಿಸಿದ್ದರಿಂದ ಹೀಗಾಗುತ್ತದೆ. ಬಲ ಸಿಕ್ಕ ಆಮ್ಲಜನಕ ಎಲೆಯ ಪೊರೆಗೂ ಇದನ್ನೇ ಮಾಡುತ್ತದೆ. ಆದರೆ ಬಹಳ ಬೇಗ ಮಾಡುತ್ತದೆ. ಪೊರೆಯ ಜಿಡ್ಡು ಕೆಡುತ್ತದೆ. ಪೊರೆ ಬಿರಿಯುತ್ತದೆ. ತೂತುಬಿದ್ದ ಕೊಡದ ಹಾಗೆ ಒಳಗಿನ ರಸ ಹೊರಗೆ ಸೋರುತ್ತದೆ. ಬೂಷ್ಟಿಗೆ ಬೇಕಾದದ್ದು ಆ ರಸವೇ. ಸೋರಿದ ರಸ ಕುಡಿದು ಅದು ಬೆಳೆಯುತ್ತದೆ.

ಇದನ್ನು ತೋರಿಸಿಕೊಟ್ಟವರು ಯಾರು? 1970ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು, ಈ ನಂಜಿಗೆ ಬೆಳಕು ಮತ್ತು ಆಮ್ಲಜನಕ ಎರಡೂ ಬೇಕು ಅಂತ ಕಂಡರು. 1982ರಲ್ಲಿ ಅಮೆರಿಕದ ಮಾರ್ಗರೆಟ್ ಡಾಬ್ ಎಂಬ ವಿಜ್ಞಾನಿ ತಂಬಾಕಿನ ಜೀವಕೋಶಗಳ ಮೇಲೆ ಪ್ರಯೋಗ ಮಾಡಿದರು. ಜೀವಕೋಶಗಳಿಗೆ ಸರ್ಕೋಸ್ಪೊರಿನ್ ಸೇರಿಸಿದರು. ಬೆಳಕಿನಲ್ಲಿ ಇಟ್ಟವು ಸತ್ತವು. ಕತ್ತಲಲ್ಲಿ ಇಟ್ಟವು ಬದುಕಿದವು. ಪೊರೆಯ ಜಿಡ್ಡು ಕೆಡುವುದನ್ನೂ ಅವರು ಅಳೆದು ತೋರಿಸಿದರು.

ಇನ್ನೊಂದು ಪ್ರಶ್ನೆ ಉಳಿದಿತ್ತು. ರೋಗ ಬರಲು ಈ ನಂಜು ಬೇಕೇ ಬೇಕೇ? 1991ರಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ನಂಜು ತಯಾರಿಸಲು ಬಾರದ ನೇರಳೆ ಬೂಷ್ಟನ್ನು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೇರೆ ಮಾಡಿದರು. ಅದನ್ನು ಸೋಯಾ ಎಲೆಗೆ ಹಚ್ಚಿದರು. ರೋಗ ಸರಿಯಾಗಿ ಮೂಡಲೇ ಇಲ್ಲ. ಅಂದರೆ ಕವಣೆ ಕಸಿದರೆ ಈ ಕಳ್ಳನ ಕೈ ಬಹುಮಟ್ಟಿಗೆ ಬರಿದು.

ತನ್ನ ನಂಜು ತನಗೇಕೆ ಹತ್ತುವುದಿಲ್ಲ?

ಇದು ಒಳ್ಳೆಯ ಪ್ರಶ್ನೆ. ಸರ್ಕೋಸ್ಪೊರಿನ್ ಗಿಡವನ್ನಷ್ಟೇ ಕೊಲ್ಲುವುದಿಲ್ಲ. ಬೆಳಕಿನಲ್ಲಿ ಅದು ಇಲಿಗಳಿಗೆ, ಅನೇಕ ಸೂಕ್ಷ್ಮಜೀವಿಗಳಿಗೆ, ಬೇರೆ ಬೂಷ್ಟುಗಳಿಗೂ ನಂಜು. ನೇರಳೆ ಬೂಷ್ಟು ಮಾತ್ರ ಅದೇ ಬಿಸಿಲಲ್ಲಿ, ಅದೇ ನಂಜಿನ ನಡುವೆ ಸುಖವಾಗಿರುತ್ತದೆ.

ಅದಕ್ಕೆ ಕೆಲವು ಉಪಾಯ ಗೊತ್ತು. ಮೊದಲನೆಯದು, ಕತ್ತಿಯನ್ನು ಒರೆಯಲ್ಲಿ ಇಡುವುದು. ತನ್ನ ಮೈಯೊಳಗೆ ಇರುವಾಗ ಬೂಷ್ಟು ಈ ನಂಜಿನ ರೂಪ ಬದಲಿಸಿ ಇಡುತ್ತದೆ. ಆ ರೂಪದಲ್ಲಿ ಅದರ ಜೋರು ಕಡಿಮೆ. ಹೊರಗೆ ಬಂದ ಮೇಲೆ ಅದು ಮೊದಲಿನ ರೂಪಕ್ಕೆ ತಿರುಗುತ್ತದೆ. ಎರಡನೆಯದು, ನಂಜನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಹೊರಗೆ ದೂಡುವುದು. ದೂಡಲೆಂದೇ ಬೂಷ್ಟಿನ ಮೈಯಲ್ಲಿ ಒಂದು ಬಾಗಿಲು ಇದೆ. 1999ರಲ್ಲಿ ವಿಜ್ಞಾನಿಗಳು ಆ ಬಾಗಿಲನ್ನು ಕೆಡಿಸಿ ನೋಡಿದರು. ಬೂಷ್ಟಿನ ನಂಜು ಇಳಿಯಿತು, ರೋಗದ ಜೋರೂ ಇಳಿಯಿತು.

ಮೂರನೆಯ ಉಪಾಯ ಸಿಕ್ಕದ್ದು ಆಕಸ್ಮಿಕ. ಈ ನಂಜನ್ನು ತಾಳುವ ಗುಟ್ಟು ಹುಡುಕುತ್ತಾ ಹೋದ ಡಾಬ್ ಅವರ ತಂಡಕ್ಕೆ 1999ರಲ್ಲಿ ಬಿ6 ಜೀವಸತ್ವ ತಯಾರಾಗುವ ದಾರಿ ಕಂಡಿತು. ಹಾರಿ ಬರುವ ಆಮ್ಲಜನಕದ ಪೆಟ್ಟನ್ನು ಬಿ6 ತಡೆಯುತ್ತದೆ ಅಂತ ಗೊತ್ತಾಯಿತು. ಬಿ6 ನಮಗೂ ಬೇಕು. ಬೂಷ್ಟು, ಗಿಡ ಅದನ್ನು ತಾವೇ ಮಾಡಿಕೊಳ್ಳುತ್ತವೆ. ನಮ್ಮ ಮೈಗೆ ಮಾಡಿಕೊಳ್ಳಲು ಬರುವುದಿಲ್ಲ. ಕಡಲೆ, ಬಾಳೆಹಣ್ಣು, ಆಲೂಗಡ್ಡೆಯಂಥ ಆಹಾರದಿಂದ ನಾವು ಅದನ್ನು ಪಡೆಯಬೇಕು. ಗಿಡದ ರೋಗವನ್ನು ಕೆದಕಿದಾಗ ಮನುಷ್ಯನ ಊಟದ ಗುಟ್ಟೂ ಸಿಕ್ಕಿತು, ನೋಡಿ!

ಗಜ್ಜರಿಗೆ ಬಣ್ಣ ಕೊಡುವ ಕ್ಯಾರೊಟಿನ್ ಕೂಡ ಇಂಥ ಪೆಟ್ಟನ್ನು ತಡೆಯುತ್ತದೆ. ಹಸಿರು ಎಲೆಯೊಳಗೂ ಕ್ಯಾರೊಟಿನ್ ಇದೆ. ಸಾದಾ ದಿನಗಳಲ್ಲಿ ಬಿಸಿಲಿನ ತಾಪದಿಂದ ಅದು ಎಲೆಯನ್ನು ಕಾಯುತ್ತದೆ. ಬೂಷ್ಟಿನ ನಂಜು ಹೆಚ್ಚಾದಾಗ ಅದರ ಕೈ ಸಾಲುವುದಿಲ್ಲ.

ಈ ನಂಜಿನಿಂದ ಉಪಯೋಗ ಉಂಟೆ?

ವಿಷವನ್ನೂ ಔಷಧ ಮಾಡಬಹುದು ಅಂತ ನಮ್ಮ ಹಿರಿಯರು ಬಲ್ಲರು. ಬೆಳಕಿನಿಂದ ಕೆಲಸ ಮಾಡುವ ಔಷಧವೂ ನಮ್ಮ ನಾಡಿಗೆ ಹೊಸದಲ್ಲ. ಚರ್ಮದ ಬಿಳಿ ಕಲೆಗೆ ಬಾವಂಚಿ ಬೀಜ ಬಳಸಿ, ಆ ಭಾಗಕ್ಕೆ ಬಿಸಿಲು ತಾಗಿಸುವ ಪದ್ಧತಿ ಆಯುರ್ವೇದದಲ್ಲಿ ಹಿಂದಿನಿಂದ ಇದೆ. ಅದು ಕೆಲಸ ಮಾಡುವ ರೀತಿ ಬೇರೆ. ಆದರೆ "ವಸ್ತು ಮತ್ತು ಬೆಳಕು ಕೂಡಿದರೆ ಮಾತ್ರ ಪರಿಣಾಮ" ಎಂಬ ಮಾತು ಒಂದೇ. ಇದನ್ನು ಮನೆಯಲ್ಲಿ ತಾವಾಗಿ ಮಾಡಲು ಹೋಗಬೇಡಿ. ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ವೈದ್ಯರ ಕಣ್ಣಮುಂದೆ ಮಾಡುವ ಚಿಕಿತ್ಸೆ ಅದು.

ಜರ್ಮನಿಯ ಮ್ಯೂನಿಕ್ ಊರಿನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಇದ್ದ. ನೀರಿನಲ್ಲಿರುವ ಸಣ್ಣ ಜೀವಿಗಳಿಗೆ ಅವನು ಒಂದು ಬಣ್ಣ ಸೇರಿಸಿ ನೋಡುತ್ತಿದ್ದ. ಬೆಳಕು ಇದ್ದಾಗ ಅವು ಬೇಗ ಸತ್ತವು. ಬೆಳಕು ಕಡಿಮೆ ಇದ್ದಾಗ ಬಹಳ ಹೊತ್ತು ಬದುಕಿದವು. 1900ರಲ್ಲಿ ಅವನು ಇದನ್ನು ಪ್ರಕಟಿಸಿದ. ಅಲ್ಲಿಂದ ಒಂದು ಹೊಸ ಚಿಕಿತ್ಸೆಯ ದಾರಿ ತೆರೆಯಿತು. ರೋಗಿಗೆ ಬೆಳಕು ಹೀರುವ ಔಷಧ ಕೊಡುತ್ತಾರೆ. ಗಡ್ಡೆ ಇರುವ ಜಾಗಕ್ಕೆ ಮಾತ್ರ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಮಾತ್ರ ಔಷಧ ಕೆಲಸ ಮಾಡುತ್ತದೆ. 1993ರಲ್ಲಿ ಕೆನಡಾ ದೇಶ ಇಂಥ ಒಂದು ಔಷಧವನ್ನು ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿತು. ಅದು ಸರ್ಕೋಸ್ಪೊರಿನ್ ಅಲ್ಲ, ಬೇರೆ ವಸ್ತು. ಕವಣೆ ಬೇರೆ, ಹೊಡೆಯುವ ರೀತಿ ಒಂದೇ.

ಸರ್ಕೋಸ್ಪೊರಿನ್ ಮೇಲೂ ಅಂಥ ಪ್ರಯೋಗಗಳು ನಡೆದಿವೆ. ಕ್ಯಾನ್ಸರ್ ಜೀವಕೋಶ, ರೋಗದ ಸೂಕ್ಷ್ಮಜೀವಿಗಳ ಮೇಲೆ ಅದನ್ನು ಪರೀಕ್ಷಿಸಿದ್ದಾರೆ. ಅವೆಲ್ಲ ಪ್ರಯೋಗಶಾಲೆಯ ಮಾತು. ಸದ್ಯ ಅದರ ದೊಡ್ಡ ಉಪಯೋಗ ವಿಜ್ಞಾನಿಗಳಿಗೆ. ಬಲ ಸಿಕ್ಕ ಆಮ್ಲಜನಕ ಹೇಗೆ ಪೆಟ್ಟು ಕೊಡುತ್ತದೆ, ಜೀವಿಗಳು ಅದನ್ನು ಹೇಗೆ ತಡೆಯುತ್ತವೆ ಅಂತ ತಿಳಿಯಲು ಇದು ಒಳ್ಳೆಯ ಸಾಧನ. ಈ ನಂಜನ್ನು ತಾಳುವ ಬೆಳೆಯನ್ನು ಹುಡುಕಲೂ ಅದನ್ನು ಬಳಸುತ್ತಾರೆ.

ಬೇರೆ ಬೆಳೆಗಳಲ್ಲಿ

ಇದೇ ನಂಜನ್ನು ತಯಾರಿಸುವ ಬೂಷ್ಟುಗಳು ಬೇರೆ ಬೆಳೆಗೂ ಹತ್ತುತ್ತವೆ. ನೀಲಗಿರಿ, ಹೊಸೂರು ಕಡೆಯ ಓದುಗರು ಬೀಟ್‌ರೂಟ್ ಎಲೆಯ ಮೇಲೆ ದುಂಡನೆಯ ಚುಕ್ಕೆ ನೋಡಿರಬಹುದು. ನಡುವೆ ಬೂದಿ ಬಣ್ಣ, ಸುತ್ತ ಕೆಂಪು ಅಂಚು. ತಂಬಾಕಿನಲ್ಲಿ ಕಪ್ಪೆಗಣ್ಣಿನಂಥ ಚುಕ್ಕೆ ಬರುತ್ತದೆ. ವಯನಾಡಿನ ಕಾಫಿ ಸಸಿಮಡಿಯಲ್ಲಿ ಎಲೆಯ ಮೇಲೆ ಕಂದು ಕಣ್ಣಿನ ಚುಕ್ಕೆ ಕಾಣುತ್ತದೆ. ನೆರಳು ಸಾಲದ ಸಸಿಗಳಿಗೆ ಈ ಕಾಟ ಹೆಚ್ಚು. ಕಾಫಿ ಸಸಿಗೆ ಚಪ್ಪರ ಹಾಕುವುದರ ಲಾಭಗಳಲ್ಲಿ ಇದೂ ಒಂದು.

ಶೇಂಗಾದ ಟಿಕ್ಕಾ ರೋಗವೂ ಇದೇ ಕುಲದ ಬೂಷ್ಟಿನಿಂದ ಬರುತ್ತದೆ. ಆದರೆ ಅಲ್ಲಿಯ ನಂಜು ಇದೇ ಅಂತ ತಿಳಿಯಬೇಡಿ. ಟಿಕ್ಕಾ ಬೂಷ್ಟನ್ನು ಪರೀಕ್ಷಿಸಿದಾಗ ಅದರಲ್ಲಿ ಬೇರೆ ನಂಜು ಕಂಡಿತು. ಒಂದೇ ಮನೆತನ ಆದರೂ ಕೈಯ ಆಯುಧ ಬೇರೆ.

ಹಾಗಾದರೆ ನಾವು ಏನು ಮಾಡಬೇಕು?

ಸೋಯಾಕ್ಕೆ ಚಪ್ಪರ ಹಾಕಲು ಆಗುವುದಿಲ್ಲ. ಬಿಸಿಲು ಇಲ್ಲದಿದ್ದರೆ ಬೆಳೆಯೇ ಇಲ್ಲ. ಕೈಯನ್ನೂ ಕಲ್ಲನ್ನೂ ತಡೆಯಲು ಆಗದು. ಉಳಿದದ್ದು ಕವಣೆ ಹಿಡಿದ ಕಳ್ಳನನ್ನು ತಡೆಯುವುದು. "ಬಿಸಿಲಿಗೆ ಸುಟ್ಟಾವ" ಅಂದರೆ ಮಾಡಲು ಏನೂ ಉಳಿಯುವುದಿಲ್ಲ. "ಬೂಷ್ಟು ಹತ್ತೇದ" ಅಂದರೆ ಮಾಡಲು ಬಹಳ ಇದೆ.

ಈ ಬೂಷ್ಟು ವರ್ಷದಿಂದ ವರ್ಷಕ್ಕೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಬೀಜದ ಸಿಪ್ಪೆಯಲ್ಲಿ. ಇನ್ನೊಂದು, ಹೊಲದಲ್ಲಿ ಉಳಿದ ಹೊಟ್ಟು, ಕಡ್ಡಿ, ಎಲೆಯಲ್ಲಿ. ಎರಡೂ ದಾರಿ ಮುಚ್ಚಬೇಕು.

ಒಂದು: ಬೀಜಕ್ಕೆ ಇಡುವ ಕಾಳನ್ನು ಕೈಯಿಂದ ಹಸನು ಮಾಡಿ. ನೇರಳೆ ಕಲೆ ಇದ್ದದ್ದು, ಸಿಪ್ಪೆ ಬಿರಿದದ್ದು, ಮುರುಟಿದ್ದು ತೆಗೆಯಿರಿ. ನೇರಳೆ ಕಾಳು ಹೆಚ್ಚಾಗಿದ್ದರೆ ಆ ಹೊಲದ ಕಾಳನ್ನು ಬೀಜಕ್ಕೆ ಇಡಲೇಬೇಡಿ. ಕಲೆಯ ಕಾಳು ಹೆಚ್ಚಿದ್ದರೆ ಮಾರುಕಟ್ಟೆಯಲ್ಲಿ ದರವೂ ಇಳಿಯುತ್ತದೆ.

ಎರಡು: ಬೆಳೆ ಬಲಿತ ಮೇಲೆ ಹೊಲದಲ್ಲಿ ಬಿಡಬೇಡಿ. ಬಲಿತ ಕಾಯಿಯ ಮೇಲೆ ಮಳೆ ಬಿದ್ದಷ್ಟೂ ಕಲೆ ಹೆಚ್ಚು.

ಮೂರು: ಅದೇ ಹೊಲಕ್ಕೆ ವರ್ಷ ವರ್ಷ ಸೋಯಾ ಬೇಡ. ನಡುವೆ ಜೋಳ, ಸಜ್ಜೆ, ಮೆಕ್ಕೆಜೋಳದಂಥ ಬೆಳೆ ತೆಗೆಯಿರಿ. ಉಳಿದ ಕಡ್ಡಿ ಮಣ್ಣಿನಲ್ಲಿ ಮುಚ್ಚಿ ಕೊಳೆಯುವಂತೆ ಆಳವಾಗಿ ನೇಗಿಲು ಹೊಡೆಯಿರಿ.

ನಾಲ್ಕು: ಬಿತ್ತುವ ಮೊದಲು ಬೀಜೋಪಚಾರ ಮಾಡಿ. ಯಾವ ಔಷಧ, ಎಷ್ಟು ಅಂತ ಕೃಷಿ ಇಲಾಖೆಯವರನ್ನು ಕೇಳಿ. ಬೂಷ್ಟಿನ ಔಷಧ ಮೊದಲು ಹಚ್ಚಬೇಕು. ರೈಜೋಬಿಯಂ ಪುಡಿ ಹಚ್ಚುವುದಾದರೆ ಅದು ಕೊನೆಗೆ, ಬಿತ್ತುವ ಸ್ವಲ್ಪ ಮೊದಲು. ಹಚ್ಚಿ ನೆರಳಲ್ಲಿ ಒಣಗಿಸಿ. ಔಷಧ ಹಚ್ಚಿದ ಬೀಜ ಉಳಿದರೆ ತಿನ್ನಬೇಡಿ, ಮಾರಬೇಡಿ, ದನ-ಕೋಳಿಗೂ ಹಾಕಬೇಡಿ.

ಐದು: ಹೂವು, ಕಾಯಿಯ ಹೊತ್ತಿನಲ್ಲಿ ಮಳೆ ಹಿಡಿದರೆ ಆಗಲೇ ಸಲಹೆ ಕೇಳಿ. ಎಲೆ ತಾಮ್ರದ ಬಣ್ಣಕ್ಕೆ ತಿರುಗಿದ ಮೇಲೆ ಔಷಧ ಹೊಡೆದರೆ ಹಣವಷ್ಟೇ ಖರ್ಚು.

ಇಲ್ಲಿ ನಿಮ್ಮ ಓದು ಕೆಲಸಕ್ಕೆ ಬರುತ್ತದೆ. ಔಷಧದ ಪಾಕೀಟಿನ ಮೇಲೆ ಡೈಮಂಡ್ ಆಕಾರದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಅಂದರೆ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ. ಹಸಿರು ಅಂದರೆ ಅವುಗಳಲ್ಲಿ ಕಡಿಮೆ ವಿಷ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಪಾಕೀಟಿನ ಬರಹ ಮರಾಠಿಯಲ್ಲೋ ಹಿಂದಿಯಲ್ಲೋ ಇದ್ದರೆ ನಾಚಿಕೆ ಬೇಡ. ಶಾಲೆಗೆ ಹೋಗುವ ಮಗಳಿಂದ, ಮೊಮ್ಮಗನಿಂದ ಓದಿಸಿ ಕೇಳಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ: ಔಷಧದ ಹೆಸರು, ಒಂದು ಕಿಲೋ ಬೀಜಕ್ಕೆ ಎಷ್ಟು, ಕೊಂಡ ದಿನ.

ಮಾಡಿ ನೋಡಿ: ಮೊಳಕೆಯ ಪರೀಕ್ಷೆ

ಮಿರಗಕ್ಕೆ ಇನ್ನೂ ಹದಿನೈದು-ಇಪ್ಪತ್ತು ದಿನ ಇರುವಾಗ ಇದನ್ನು ಮಾಡಿ.

ಬೀಜದ ಚೀಲದ ಮೇಲೆ, ನಡುವೆ, ಕೆಳಗೆ ಎಲ್ಲ ಕಡೆಯಿಂದ ಕಾಳು ತೆಗೆದು ಕಲಸಿ. ಆರಿಸದೆ 100 ಕಾಳು ಎಣಿಸಿ. ಗೋಣಿ ತಟ್ಟನ್ನು ನೀರಲ್ಲಿ ಅದ್ದಿ ಹಿಂಡಿ ಹಾಸಿ. ಅದರ ಮೇಲೆ ಹತ್ತು ಹತ್ತು ಕಾಳಿನ ಹತ್ತು ಸಾಲು ಇಡಿ. ಇನ್ನೊಂದು ಹಸಿ ತಟ್ಟು ಮುಚ್ಚಿ ಸುರುಳಿ ಸುತ್ತಿ. ನೆರಳಲ್ಲಿ ಇಟ್ಟು ಆಗಾಗ ನೀರು ಚಿಮುಕಿಸಿ. ಏಳೆಂಟು ದಿನಕ್ಕೆ ಬಿಚ್ಚಿ, ಚೆನ್ನಾಗಿ ಮೊಳೆತದ್ದನ್ನು ಎಣಿಸಿ.

70 ಅಥವಾ ಹೆಚ್ಚು ಮೊಳೆತರೆ ಬೀಜ ಒಳ್ಳೆಯದು. ಎಕರೆಗೆ ಸುಮಾರು 30 ಕಿಲೋ ಸಾಕು. 60 ಮೊಳೆತರೆ? ಲೆಕ್ಕ ಹಾಕೋಣ. 30ನ್ನು 70ರಿಂದ ಗುಣಿಸಿ: 2100. ಅದನ್ನು 60ರಿಂದ ಭಾಗಿಸಿ: 35. ಅಂದರೆ ಎಕರೆಗೆ 35 ಕಿಲೋ ಬೇಕು. ಅದಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ನಂಬಬೇಡಿ, ಬೇರೆ ಬೀಜ ನೋಡಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ನೇರಳೆ ಕಾಳು 100, ಒಳ್ಳೆಯ ಕಾಳು 100 ಬೇರೆ ಬೇರೆ ತಟ್ಟಿನಲ್ಲಿ ಇಡಿ. ಎರಡನ್ನೂ ಎಣಿಸಿ ಬರೆಯಿರಿ. ನಿಮ್ಮ ಮನೆಯ ಬೀಜದ ಮಾತನ್ನು ನಿಮ್ಮ ಕಣ್ಣೇ ಹೇಳುತ್ತದೆ.

ಒಂದು ಚೀಲ ಬೀಜ ಕೆಟ್ಟರೆ ಬೀಜದ ಹಣವಷ್ಟೇ ಹೋಗುವುದಿಲ್ಲ. ಬಾಡಿಗೆಯ ಟ್ರ್ಯಾಕ್ಟರು, ಗೊಬ್ಬರ, ಆಳಿನ ಕೂಲಿ, ಒಂದು ಹದದ ಮಳೆ ಎಲ್ಲ ಹೋಗುತ್ತದೆ. ಮರುಬಿತ್ತನೆಗೆ ಸಾಲ ಆಗುತ್ತದೆ. ಒಂದು ಮಧ್ಯಾಹ್ನ ಕೂತು ಕಾಳು ಹಸನು ಮಾಡಿದರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ಮರ ಹಿಡಿದು ಕಾಳು ಆರಿಸುವ ಅವ್ವ, ಅಕ್ಕಂದಿರ ಕೆಲಸ ಸಣ್ಣದಲ್ಲ. ಬರುವ ವರ್ಷದ ಬೆಳೆ ಅವರ ಬೆರಳ ತುದಿಯಲ್ಲಿದೆ.

ಬರುವ ಸಲ ಯಾರಾದರೂ "ಎಲಿ ಬಿಸಿಲಿಗೆ ಸುಟ್ಟಾವ" ಅಂದರೆ, ಅವರನ್ನು ಕರೆದುಕೊಂಡು ಹೋಗಿ ಮೇಲಿನ ಎಲೆ, ಕೆಳಗಿನ ಎಲೆ ಎರಡನ್ನೂ ತೋರಿಸಿ. ಕವಣೆಯ ಕಥೆ ಹೇಳಿ.

ಹೊಸ ಮಾತುಗಳು

ಶಿಲೀಂಧ್ರ – ಬೂಷ್ಟು
ನಂಜು – ವಿಷ
ಆಮ್ಲಜನಕ – ಉಸಿರಾಟಕ್ಕೆ ಬೇಕಾದ ಗಾಳಿಯ ಭಾಗ
ಜೀವಕೋಶ – ಜೀವಿಯ ಮೈಯ ಅತಿ ಸಣ್ಣ ಕೋಣೆ
ಪೊರೆ – ತೆಳ್ಳನೆಯ ಹೊದಿಕೆ
ಕ್ಷಾರ – ಸುಣ್ಣದಂಥ ಗುಣದ ವಸ್ತು
ಜೀವಸತ್ವ – ಆಹಾರದಲ್ಲಿ ಸ್ವಲ್ಪವೇ ಇದ್ದರೂ ಮೈಗೆ ಬೇಕೇ ಬೇಕಾದ ವಸ್ತು
ಬೀಜೋಪಚಾರ – ಬಿತ್ತುವ ಮೊದಲು ಬೀಜಕ್ಕೆ ಔಷಧ ಹಚ್ಚುವುದು

ಓದಿ, ಯೋಚಿಸಿ, ಹೇಳಿ

1. ರೋಗ ಹತ್ತಿದ ಸೋಯಾದಲ್ಲಿ ತುದಿಯ ಎಲೆ ಏಕೆ ಮೊದಲು ಬಣ್ಣ ಬದಲಿಸುತ್ತದೆ?
2. ಕವಣೆ, ಕೈ, ಕಲ್ಲು – ಇವು ಯಾವುದಕ್ಕೆ ಹೋಲಿಕೆ?
3. ನೇರಳೆ ಬೂಷ್ಟು ತನ್ನ ನಂಜಿನಿಂದ ಹೇಗೆ ಪಾರಾಗುತ್ತದೆ? ಎರಡು ಉಪಾಯ ಹೇಳಿ.
4. 100 ಕಾಳಿನಲ್ಲಿ 65 ಮೊಳೆತವು. ಎಕರೆಗೆ ಎಷ್ಟು ಕಿಲೋ ಬೀಜ ಬೇಕು? ಲೆಕ್ಕ ಹಾಕಿ.
5. ನಿಮ್ಮ ಮನೆಯ ಬೀಜದ ಚೀಲದಿಂದ ಒಂದು ಹಿಡಿ ಕಾಳು ತನ್ನಿ. ಕೇಂದ್ರದಲ್ಲಿ ಎಲ್ಲರೂ ಕೂಡಿ ನೇರಳೆ ಕಾಳು ಎಷ್ಟು ಅಂತ ಎಣಿಸಿ, ಹಲಗೆಯ ಮೇಲೆ ಬರೆಯಿರಿ.